ಎಂಬತ್ತು ಎಂದವನು

ಹೆದ್ದಾರಿ ಊರನ್ನು ಬಿಟ್ಟು ಹೊರಡುವ ಕಡೆ, ಟೈರ್ ಅಂಗಡಿಗಳ ಸಾಲು ಮುಗಿದ ಮೇಲೆ, ಲಾರಿ ತೂಗುವ ಒಂದು ವೇಬ್ರಿಡ್ಜ್ ಇದೆ. ನೆಲದ ಮಟ್ಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ಹಾಸು, ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ, ಕೋಣೆಯ ನೆತ್ತಿಯ ಮೇಲೆ ಕೆಂಪು ಅಂಕಿಗಳ ಬೋರ್ಡು. ಖಾಲಿ ಲಾರಿ ಬಂದು ನಿಂತಾಗ ಒಂದು ತೂಕ, ಮರಳನ್ನೋ ಗುಜರಿಯನ್ನೋ ತುಂಬಿಕೊಂಡು ಬಂದಾಗ ಇನ್ನೊಂದು ತೂಕ, ಎರಡನ್ನೂ ಬರೆದ ಒಂದು ಚೀಟಿ. ಇಪ್ಪತ್ತಾರು ವರ್ಷದಿಂದ ಆ ಚೀಟಿ ಹರಿದು ಕೊಡುತ್ತಿರುವವನನ್ನು ಡ್ರೈವರ್‌ಗಳೆಲ್ಲ ತೂಕದಣ್ಣ ಎನ್ನುತ್ತಾರೆ. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ನಲವತ್ತೊಂದನೇ ವಯಸ್ಸಿಗೆ ತೂಕದಣ್ಣ ನೂರ ನಲವತ್ತೆರಡು ಕಿಲೋ ಇದ್ದ. "ಅಣ್ಣಾ, ನೀನು ಒಳಗೇ ಇರು ಮಾರಾಯ. ಹೊರಗೆ ಬಂದು ಹಾಸಿನ ಮೇಲೆ ಕಾಲಿಟ್ಟರೆ ನನ್ನ ಲಾರಿ ಓವರ್‌ಲೋಡ್ ಅಂತ ಕೇಸ್ ಬೀಳತ್ತೆ" ಎಂದು ಡ್ರೈವರ್‌ಗಳು ಕಿಚಾಯಿಸುತ್ತಿದ್ದರು. ಅವನೂ ಹೊಟ್ಟೆ ಕುಲುಕಿಸಿ ನಗುತ್ತಿದ್ದ. ನಗದೆ ಇನ್ನೇನು ಮಾಡಬೇಕಿತ್ತು ಹೇಳಿ. ಮನೆಗೆ ಬಂದು, ಬೂಟಿನ ಲೇಸು ಬಿಚ್ಚಲು ಹೆಂಡತಿಯನ್ನು ಕೂಗುವಾಗ ಮಾತ್ರ ನಗು ಬರುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಎರಡು ವರ್ಷ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ.

ಅವನನ್ನು ಕುರ್ಚಿಯಿಂದ ಎಬ್ಬಿಸಿದವಳು ಅಕ್ಕ. ಅವನಿಗೆ ಆರು ವರ್ಷ, ಅವಳಿಗೆ ಹದಿನಾಲ್ಕು ಆಗಿದ್ದಾಗ ಅಮ್ಮ ತೀರಿಕೊಂಡಿದ್ದಳು. ಆಮೇಲೆ ಅವನಿಗೆ ಸ್ನಾನ ಮಾಡಿಸಿದವಳು, ತಲೆ ಬಾಚಿದವಳು, ಮಗ್ಗಿ ತಪ್ಪಿದಾಗ ಬೆನ್ನಿಗೆ ಗುದ್ದಿದವಳು ಎಲ್ಲ ಅವಳೇ. ಮದುವೆಯಾಗಿ ನಾಲ್ಕು ಗಂಟೆ ಬಸ್ ದಾರಿಯ ದೊಡ್ಡ ಊರಿಗೆ ಹೋದವಳು ಅಲ್ಲಿ ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಆ ಶಾಲೆಯಲ್ಲಿ ವ್ಯಾನ್ ಓಡಿಸಿದ ಮೊದಲ ಹೆಂಗಸು ತಾನೆಂಬ ಹೆಮ್ಮೆ ಅವಳ ಹಾರ್ನ್‌ನಲ್ಲೂ ಕೇಳುತ್ತಿತ್ತು. ಒಂದು ಭಾನುವಾರ ಬಂದವಳು ತಮ್ಮ ಕುರ್ಚಿಯಲ್ಲಿ ಗೊರಕೆ ಹೊಡೆಯುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ಅವನು ಕಣ್ಣು ಬಿಟ್ಟ ಕೂಡಲೇ ಶುರು ಹಚ್ಚಿಕೊಂಡಳು.

"ಲೋ, ನೀನು ಸತ್ತರೆ ಹೊರೋಕೆ ನಾಲ್ಕು ಜನ ಸಾಲಲ್ಲ, ಎಂಟು ಜನ ಬೇಕು. ಅಷ್ಟು ಜನ ನಮಗೆ ಗೊತ್ತಿಲ್ಲ. ಎದ್ದೇಳು. ನಮ್ಮೂರ ಆಸ್ಪತ್ರೇಲಿ ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡ್ತಾರೆ, ಮಾತಾಡಿ ಬಂದಿದ್ದೀನಿ."

ಆಪರೇಷನ್ ಆಗಿ ಅವನು ಮಲಗಿದ್ದ ಒಂಬತ್ತು ದಿನವೂ ಅಕ್ಕ ಆಸ್ಪತ್ರೆಯಲ್ಲಿದ್ದಳು. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ ವ್ಯಾನ್ ಸಮೇತ ಬರುವಳು, ಸಂಜೆ ಮಕ್ಕಳನ್ನು ಮನೆ ಮುಟ್ಟಿಸಿ ಮತ್ತೆ ಬರುವಳು. ಚಮಚದಲ್ಲಿ ನೀರು ಕುಡಿಸುವಳು. ಅಲ್ಲಿ ದಪ್ಪ ಕನ್ನಡಕದ ಒಬ್ಬ ನರ್ಸ್ ಇದ್ದರು. ಬಂದವರನ್ನೆಲ್ಲ ಮೊದಲು ತಕ್ಕಡಿ ಹತ್ತಿಸುವುದರಿಂದ ಎಲ್ಲರ ಬಾಯಲ್ಲೂ ಅವರು ತಕ್ಕಡಿ ಸಿಸ್ಟರ್. ಬಿಡುಗಡೆಯ ದಿನ ಅವರು ಅಕ್ಕತಮ್ಮ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು.

"ನೋಡಿ, ನಾವು ಚಿಕ್ಕದು ಮಾಡಿರೋದು ಹೊಟ್ಟೇನ, ಆಸೇನ ಅಲ್ಲ. ಅದು ವಾಪಸ್ ಬರತ್ತೆ. ಎರಡು ಕಿಲೋ ಏರಿದರೂ ಬನ್ನಿ, ಇಪ್ಪತ್ತು ಏರಿದರೂ ಬನ್ನಿ, ನಾನು ಬೈಯಲ್ಲ. ಬರದೇ ಇದ್ದರೆ ಬೈತೀನಿ. ಇನ್ನು ಈ ಮಾತ್ರೆಗಳು ಸಾಯೋವರೆಗೂ. ನೀವು ತಿಂದದ್ದರ ಸತ್ವ ಇನ್ನು ಮುಂದೆ ಮೈಗೆ ಪೂರ್ತಿ ಹತ್ತಲ್ಲ. ಮಾತ್ರೆ ಬಿಟ್ಟರೆ ನರಗಳಿಗೆ ಏಟು ಬೀಳತ್ತೆ."

ಒಂದೂವರೆ ವರ್ಷದಲ್ಲಿ ತೂಕದಣ್ಣ ಎಪ್ಪತ್ತಾರು ಕಿಲೋಗೆ ಇಳಿದ. ಹಾಸಿಗೆಯಲ್ಲಿ ಮಲಗಿದ, ಲೇಸು ತಾನೇ ಕಟ್ಟಿದ. ಅಕ್ಕ ಬಂದಾಗ ಅವನನ್ನು ಭುಜ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಫೋನಿನ ಪರದೆಯ ಮೇಲೆ ಅವನ ಹೊಸ ಫೋಟೋ ಬಂತು. ವ್ಯಾನಿನ ಮಕ್ಕಳ ತಾಯಂದಿರಿಗೆಲ್ಲ ತೋರಿಸಿ, "ನನ್ನ ತಮ್ಮ, ಅರ್ಧಕ್ಕರ್ಧ ಆಗಿದ್ದಾನೆ" ಎನ್ನುತ್ತಿದ್ದಳು.

ಆಗಿನಿಂದ ಅವನಿಗೊಂದು ಅಭ್ಯಾಸ ಬೆಳೆಯಿತು. ಸೋಮವಾರ ಬೆಳಗ್ಗೆ, ಮೊದಲ ಲಾರಿ ಬರುವ ಮುಂಚೆ, ಕೋಣೆಯೊಳಗೆ ಸೊನ್ನೆಯ ಗುಂಡಿ ಒತ್ತಿ, ಹೊರಗೆ ಬಂದು ಆ ಕಬ್ಬಿಣದ ಹಾಸಿನ ಮೇಲೆ ಒಬ್ಬನೇ ನಿಂತು ತಲೆಯೆತ್ತಿ ನೋಡುವುದು. ಬೋರ್ಡು 80 ಎನ್ನುತ್ತಿತ್ತು. ಮನೆಯಲ್ಲಿ ಹೆಂಡತಿ ತಂದಿಟ್ಟ ಪುಟ್ಟ ತಕ್ಕಡಿ ಇತ್ತು. ಅದರ ಸೆಲ್ ಹೋಗಿದೆಯೆಂದು ಬೀರುವಿನ ಮೇಲೆ ಎತ್ತಿಟ್ಟ. ಲಾರಿ ತೂಗುವ ಯಂತ್ರವೇ ಕೈಲಿರುವಾಗ ಅದೆಲ್ಲ ಯಾಕೆ ಎಂದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಹೆದ್ದಾರಿಯಲ್ಲೇ ಇರಲಿಲ್ಲ. ವೇಬ್ರಿಡ್ಜ್ ಒಂದೊಂದೇ ಕಿಲೋ ಎಣಿಸುವುದಿಲ್ಲ, ಹತ್ತು ಹತ್ತಾಗಿ ಎಣಿಸುತ್ತದೆ. ಎಪ್ಪತ್ತಾರಕ್ಕೂ ಎಂಬತ್ತು, ಎಂಬತ್ತನಾಲ್ಕಕ್ಕೂ ಎಂಬತ್ತು. ಯಾವನಾದರೂ ಡ್ರೈವರ್ ನಾಲ್ಕು ಕಿಲೋಗೆ ತಗಾದೆ ತೆಗೆದರೆ ತೂಕದಣ್ಣ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಜಬರಿಸುತ್ತಿದ್ದ: "ಇದು ಲಾರಿ ತೂಗೋ ಮಿಷನ್ನು ಕಣಯ್ಯಾ, ನಿನ್ನ ಹೆಂಡತಿ ಸರ ತೂಗೋದಲ್ಲ!" ಅಂಥವನು ತನ್ನ ಮೈಯನ್ನು ಅದೇ ಯಂತ್ರಕ್ಕೆ ಒಪ್ಪಿಸಿ ನೆಮ್ಮದಿಯಾಗಿದ್ದ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ.

ಮೂರನೆಯ ವರ್ಷ ಹಸಿವು ವಾಪಸ್ ಬಂತು. ದೊಡ್ಡ ಸದ್ದು ಮಾಡಿಕೊಂಡೇನೂ ಬರಲಿಲ್ಲ. ಹನ್ನೊಂದು ಗಂಟೆಯ ಚಹಾದ ಜೊತೆ ಎರಡು ಬಿಸ್ಕತ್ತು. ಅನ್ನ ನಾಲ್ಕು ತುತ್ತಿಗೆ ಗಂಟಲಲ್ಲಿ ನಿಲ್ಲುತ್ತಿತ್ತು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಮಾತ್ರ ಎಷ್ಟು ತಿಂದರೂ ಜಾರಿ ಹೋಗುತ್ತಿತ್ತು. ಎರಡು ನಾಲ್ಕಾಯಿತು, ನಾಲ್ಕು ಅರ್ಧ ಪ್ಯಾಕೆಟ್ಟಾಯಿತು, ಚೀಟಿಯ ಕಾಗದದ ಸುರುಳಿಗಳನ್ನಿಡುವ ಡ್ರಾಯರಿನಲ್ಲಿ ಪ್ಯಾಕೆಟ್ಟುಗಳು ಮನೆ ಮಾಡಿದವು. ಒಂದು ಲಾರಿಗೂ ಇನ್ನೊಂದು ಲಾರಿಗೂ ನಡುವೆ ಸುಮ್ಮನೆ ಕೂರುವ ಕೆಲಸ. ಬೇಜಾರಿಗೆ ಬಾಯಿ ಬೇಕು. ಸೋಮವಾರ ಹಾಸಿನ ಮೇಲೆ ನಿಂತರೆ ಬೋರ್ಡು 80 ಎನ್ನುತ್ತಿತ್ತು. ಸರಿಯಾಗಿಯೇ ಇದ್ದೇನಲ್ಲ ಎಂದು ಅವನು ಒಳಗೆ ಹೋಗಿ ಡ್ರಾಯರ್ ಎಳೆಯುತ್ತಿದ್ದ. ಆ ವರ್ಷ ತಕ್ಕಡಿ ಸಿಸ್ಟರ್ ಬಳಿಗೆ ಹೋಗಬೇಕಾದ ತಾರೀಕು ಬಂದಾಗ ಕೆಲಸದ ನೆಪ ಹೇಳಿದ. ಮರುವರ್ಷ ನೆಪವನ್ನೂ ಹೇಳಲಿಲ್ಲ. ಮಾತ್ರೆ ಮಾತ್ರ ತಪ್ಪಲಿಲ್ಲ, ಅದೂ ಅವನ ಪುಣ್ಯದಿಂದಲ್ಲ. ಹೆಂಡತಿ ತಾನೇ ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಂದು, ಬೆಳಗ್ಗೆ ಅವನು ನುಂಗುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು.

ಐದನೆಯ ವರ್ಷ ಒಂದು ಸೋಮವಾರ ಬೋರ್ಡು 90 ತೋರಿಸಿತು. ತೂಕದಣ್ಣ ಒಳಗೆ ಓಡಿ ಸೊನ್ನೆ ಒತ್ತಿ ಬಂದ. 90. ಬೂಟು ಕಳಚಿದ, ಬೆಲ್ಟು ತೆಗೆದ, ಬೀಗದ ಕೈ ಗೊಂಚಲು, ಫೋನು, ಚಿಲ್ಲರೆ ಎಲ್ಲ ಕಿಟಕಿಯ ಕಟ್ಟೆಯ ಮೇಲಿಟ್ಟ. ಕಾಲುಚೀಲದಲ್ಲಿ ನಿಂತು, ಉಸಿರು ಬಿಟ್ಟು, ತಲೆಯೆತ್ತಿದ. ಅಂಕಿ ಒಮ್ಮೆ ಮಿನುಗಿ 80ಕ್ಕೆ ಬಿತ್ತು. ಸರಿ, ಯಂತ್ರ ಸ್ವಲ್ಪ ಹೆಚ್ಚುಕಡಿಮೆ ಎಂದುಕೊಂಡು ಬೂಟು ಹಾಕಿಕೊಂಡ. ಹಿಂದೆ ಹಾರ್ನ್ ಹೊಡೆಯುತ್ತಿದ್ದ ಲಾರಿಯವನು ಈ ವೇಷವನ್ನೆಲ್ಲ ನೋಡಿ ಬಿದ್ದು ಬಿದ್ದು ನಗುತ್ತಿದ್ದ.

ಅದೇ ವಾರ ಅಕ್ಕನ ಫೋನು ಬಂತು. ಅವಳಿಗೆ ಆಗ ಐವತ್ತನಾಲ್ಕು, ನೂರ ಇಪ್ಪತ್ತೊಂದು ಕಿಲೋ, ವ್ಯಾನಿನಿಂದ ಇಳಿಯುವಾಗ ಮಂಡಿ ಕಿರುಗುಟ್ಟುತ್ತಿತ್ತು.

"ನಾನೂ ಮಾಡಿಸ್ಕೊಳ್ತೀನಿ ಕಣೋ. ನಿನ್ನ ಭಾವ ಹೆದರ್ತಿದ್ದಾರೆ. ನೀನು ಹೇಳಿದರೆ ಮಾಡಿಸ್ಕೊಳ್ತೀನಿ, ಬೇಡ ಅಂದರೆ ಬಿಡ್ತೀನಿ. ಈಗ ಎಷ್ಟಿದ್ದೀಯಾ?"

"ಎಂಬತ್ತು."

"ದೇವರು ದೊಡ್ಡವನು. ಹಸಿವು? ಅದು ವಾಪಸ್ ಬರತ್ತೆ ಅಂದಿದ್ದರಲ್ಲ ಸಿಸ್ಟರ್?"

ಆ ಕ್ಷಣದಲ್ಲಿ ಅವನ ಬಾಯಲ್ಲಿ ಬಿಸ್ಕತ್ತಿತ್ತು. ಅದನ್ನು ದವಡೆಗೆ ತಳ್ಳಿ ಹೇಳಿದ: "ಏನೂ ಇಲ್ಲ ಅಕ್ಕ. ಹೊಟ್ಟೆಗೆ ಹಸಿವು ಅನ್ನೋದೇ ಮರೆತು ಹೋಗಿದೆ."

"ಚೆಕಪ್‌ಗೆ ಬಂದಾಗ ಮನೆಗೆ ಬಾ ಮತ್ತೆ. ನೋಡಿ ಎಷ್ಟು ದಿನ ಆಯ್ತು."

ಚೆಕಪ್‌ಗೆ ಹೋಗಿದ್ದರಲ್ಲವೇ ಮನೆಗೆ ಹೋಗುವುದು! "ಚೆಕಪ್ ಬಿಟ್ಟು ಎರಡು ವರ್ಷ ಆಯ್ತಕ್ಕ. ಇಷ್ಟು ಚೆನ್ನಾಗಿರೋನು ಅಲ್ಲಿಗೆ ಯಾಕೆ ಹೋಗ್ಲಿ? ಅದೆಲ್ಲ ಮೊದಮೊದಲು ಅಷ್ಟೇ" ಎಂದುಬಿಟ್ಟ. ನಾಚಿಕೆಯಿಂದ ತಲೆ ತಪ್ಪಿಸಿಕೊಂಡದ್ದನ್ನು ಆರೋಗ್ಯದ ಗುರುತೆಂಬಂತೆ ಜಂಭ ಕೊಚ್ಚಿದ. ಅಕ್ಕನ ಎದುರು ಅವನು ಎಂದಾದರೂ ಗೆದ್ದು ನಿಂತಿದ್ದ ವಿಷಯ ಅದೊಂದೇ ಆಗಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಅಕ್ಕನ ಆಪರೇಷನ್ ದಿನ ಅವನು ಹೋಗಲಿಲ್ಲ. ತಕ್ಕಡಿ ಸಿಸ್ಟರ್ ಅಲ್ಲಿರುತ್ತಾರೆ, ಕಂಡ ಕೂಡಲೇ ಹತ್ತಿ ಎನ್ನುತ್ತಾರೆ. ವೇಬ್ರಿಡ್ಜ್‌ಗೆ ಸರ್ಕಾರದ ತಪಾಸಣೆ ಇದೆಯೆಂದು ಸುಳ್ಳು ಹೇಳಿ ಹೆಂಡತಿಯನ್ನು ಕಳಿಸಿದ. ಒಂಬತ್ತು ದಿನ ಚಮಚದಲ್ಲಿ ನೀರು ಕುಡಿಸಿದವಳಿಗೆ ಅವನು ಒಂದು ದಿನ ಕೊಡಲಿಲ್ಲ. ಬಸ್ ನಿಲ್ದಾಣದಲ್ಲಿ ಹೆಂಡತಿ, "ನಿಮಗೆ ಏನನ್ನಬೇಕೋ ನನಗೆ ಗೊತ್ತಾಗ್ತಿಲ್ಲ" ಎಂದಷ್ಟೇ ಹೇಳಿ ಬಸ್ ಹತ್ತಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಇವತ್ತಿಗೂ ಅನ್ನಿಸುತ್ತದೆ.

ಆಮೇಲಿನ ನಾಲ್ಕು ವರ್ಷ ಅಕ್ಕತಮ್ಮ ಮುಖಾಮುಖಿ ಆಗಲಿಲ್ಲ. ವಾರಕ್ಕೆರಡು ಸಲ ಫೋನಿನಲ್ಲಿ ಮಾತು ಮಾತ್ರ ನಡೆಯುತ್ತಿತ್ತು. ವಿಡಿಯೊದಲ್ಲಿ ಮಾತಾಡೋಣವೆಂದು ಅವಳು ಮೊದಲ ವರ್ಷ ಕೇಳಿದಳು, ಇವನು ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದ. ಎರಡನೆಯ ವರ್ಷದ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಳು. ಒಮ್ಮೆ ಹೆಂಡತಿಯೇ ತನ್ನ ಫೋನಿನಿಂದ ವಿಡಿಯೊ ಕರೆ ಮಾಡಿದಾಗ ಅಕ್ಕ ತನ್ನ ಕ್ಯಾಮೆರಾವನ್ನು ವ್ಯಾನಿನ ಕಿಟಕಿಯ ಕಡೆಗೆ ತಿರುಗಿಸಿ ರಸ್ತೆ ತೋರಿಸುತ್ತಲೇ ಮಾತು ಮುಗಿಸಿದಳು. ತೂಕದಣ್ಣನಿಗೆ ಒಳಗೊಳಗೇ ಹಾಯೆನಿಸಿತು. ಅವಳು ಯಾಕೆ ಮುಖ ತೋರಿಸಲಿಲ್ಲ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ತನ್ನ ಕಳ್ಳತನ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿರುವವನಿಗೆ ಎದುರಿನವರ ಮುಖ ಎಲ್ಲಿ ಕಾಣುತ್ತದೆ.

ಹೋದ ತಿಂಗಳು ಒಂದು ಬೆಳಗ್ಗೆ ಭಾವ ಫೋನ್ ಮಾಡಿದರು. ಅವರು ಮಾತಿನ ಮನುಷ್ಯರಲ್ಲ.

"ನಿಮ್ಮಕ್ಕ ವ್ಯಾನ್‌ನ ಶಾಲೆ ಗೋಡೆಗೆ ಗುದ್ದಿದಾಳೆ. ಮಕ್ಕಳು ಇಳಿದಾಗಿತ್ತು, ಯಾರಿಗೂ ಏನೂ ಆಗಿಲ್ಲ. ಬ್ರೇಕ್ ಒತ್ತಿದೆ ಅಂತಾಳೆ. ಕಾಲು ಬ್ರೇಕ್ ಮೇಲೆ ಇರಲೇ ಇಲ್ಲವಂತೆ, ಪಕ್ಕದಲ್ಲಿತ್ತಂತೆ. ಡಾಕ್ಟರ್ ಹತ್ತಿರ ಬಾ ಅಂದರೆ ಬರಲ್ಲ. ನೀನು ಬಂದು ಹೇಳಪ್ಪ, ನಿನ್ನ ಮಾತು ಕೇಳ್ತಾಳೆ."

ಈ ಸಲ ನೆಪ ಹೇಳಲು ಬಾಯಿ ಬರಲಿಲ್ಲ. ಗಂಡಹೆಂಡತಿ ಮಧ್ಯಾಹ್ನದ ಬಸ್ ಹಿಡಿದರು. ಅವನು ಆಗ ನೂರ ಹದಿನೆಂಟು ಕಿಲೋ. ಇಬ್ಬರು ಕೂರುವ ಸೀಟಿನಲ್ಲಿ ಹೆಂಡತಿ ಅಂಚಿಗೆ ಜಾರಿ, ಒಂದು ಕಾಲನ್ನು ಹಾದಿಯಲ್ಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ಅವನು ಯೋಚಿಸುತ್ತಿದ್ದದ್ದು ಅಕ್ಕನ ಕಾಲನ್ನಲ್ಲ. ಬಾಗಿಲು ತೆಗೆದಾಗ ಅವಳ ಮುಖದಲ್ಲಿ ಏನು ಕಾಣಬಹುದು ಎಂಬುದನ್ನು. ಇದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟುತ್ತದೆ.

ಬಾಗಿಲು ತೆಗೆದದ್ದು ಅಕ್ಕನೇ. ಒಂದು ಕೈ ಗೋಡೆಯ ಮೇಲಿತ್ತು. ಎಂಬತ್ತೆರಡಕ್ಕೆ ಇಳಿದಿದ್ದಾಳೆಂದು ಹೆಂಡತಿ ಎಂದೋ ಹೇಳಿದ್ದ ಅಕ್ಕ ನೂರು ದಾಟಿದ್ದಳು. ಕೆನ್ನೆಗಳು ಮತ್ತೆ ತುಂಬಿದ್ದವು. ಅವಳು ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಅವನು ಅವಳನ್ನು ನೋಡಿದ. ಇಬ್ಬರೂ ಸಿಕ್ಕಿಬಿದ್ದಿದ್ದರು. ಅಕ್ಕನಿಗೇ ಮೊದಲು ನಗು ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, ಅವನೂ ನಕ್ಕ, ಹಿಂದೆ ನಿಂತ ಭಾವನಿಗೆ ಇವರಿಗೇನಾಯಿತೆಂದು ತಿಳಿಯಲಿಲ್ಲ. ನಗು ನಿಂತಾಗ ಅಕ್ಕ ಅವನ ತೋಳನ್ನು ಮುಟ್ಟಿ, "ಎಂಬತ್ತೇನೋ?" ಎಂದಳು.

ಮರುದಿನ ಬೆಳಗ್ಗೆ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಭಾವ ಚೀಟಿ ಮಾಡಿಸಲು ಹೋಗಿದ್ದರು, ಹೆಂಡತಿ ಅಕ್ಕನ ಹಳೆಯ ಕಾಗದಗಳನ್ನು ಹಿಡಿದು ಅವರ ಜೊತೆ ನಿಂತಿದ್ದಳು. ಅಕ್ಕ ಬಲಗಾಲಿನ ಚಪ್ಪಲಿಯನ್ನು ನೋಡುತ್ತ ಹೇಳಿದಳು.

"ಇದು ಕಳಚಿ ಹೋದರೂ ನನಗೆ ಗೊತ್ತಾಗಲ್ಲ ಈಗ. ಮೊದಲು ಜುಮ್ಮು ಜುಮ್ಮು ಅಂತಿತ್ತು. ವ್ಯಾನಲ್ಲಿ ಕೂತು ಕೂತು ಜೋಮು ಹಿಡಿದಿದೆ ಅಂದ್ಕೊಂಡೆ."

"ಮಾತ್ರೆ ತಗೊಳ್ತಿದ್ಯಾ?"

"ಮೊದಲನೇ ವರ್ಷ ತಗೊಂಡೆ. ಅದು ಮುಗಿದಾಗ ಮತ್ತೆ ಬರೆಸ್ಕೊಳ್ಳೋಕೆ ಇಲ್ಲಿಗೇ ಬರಬೇಕಲ್ಲ. ಅಷ್ಟರಲ್ಲಿ ಆರು ಕಿಲೋ ಏರಿದ್ದೆ. ಇಳಿಸ್ಕೊಂಡು ಬರೋಣ ಅಂತ ತಡೆದೆ. ಇಳೀಲಿಲ್ಲ. ಆಮೇಲೆ ಹದಿನೈದಾಯ್ತು. ಆಮೇಲೆ…" ಅವಳು ಕೈ ಚೆಲ್ಲಿದಳು. "ನೀನೂ ಚೆಕಪ್ ಬಿಟ್ಟು ಚೆನ್ನಾಗೇ ಇದ್ದೆಯಲ್ಲ. ಬಿಟ್ಟರೆ ಏನೂ ಆಗಲ್ಲ ಅಂದ್ಕೊಂಡೆ."

ಅವನು ಎದುರಿನ ಗೋಡೆಯನ್ನೇ ನೋಡುತ್ತ ಹೇಳಿದ: "ಅಕ್ಕ, ನೀನು ಕೇಳಿದ ದಿನ ನಾನು ಎಂಬತ್ತು ಇರಲಿಲ್ಲ. ಬೂಟು ಬೆಲ್ಟು ಬಿಚ್ಚಿಟ್ಟು ಮಿಷನ್ ಹತ್ರ ಎಂಬತ್ತು ಅನ್ನಿಸಿದ್ದೆ. ಹಸಿವು ಮೂರನೇ ವರ್ಷವೇ ಬಂದಿತ್ತು. ನಿನ್ನ ಹತ್ರ ಮಾತಾಡೋವಾಗ್ಲೂ ತಿಂತಾ ಇದ್ದೆ. ಮಾತ್ರೆ ನಾನು ಒಂದು ದಿನಾನೂ ಬಿಟ್ಟಿಲ್ಲ, ಇವಳು ಬಿಡಲ್ಲ. ಅದನ್ನೂ ನಿನಗೆ ಹೇಳಲಿಲ್ಲ."

ಅಕ್ಕ ಬೈಯುತ್ತಾಳೆಂದು ಅವನು ಕಾದ. ಮಗ್ಗಿ ತಪ್ಪಿದಾಗಿನಂತೆ ಬೆನ್ನಿಗೊಂದು ಗುದ್ದು ಬಿದ್ದಿದ್ದರೂ ಸಾಕಿತ್ತು.

"ನನಗೆ ಹಸಿವು ವಾಪಸ್ ಬಂದಾಗ," ಎಂದಳು ಅಕ್ಕ, "ನನ್ನ ಬಾಯೇ ಕೆಟ್ಟದ್ದು ಅಂದ್ಕೊಂಡೆ ಕಣೋ. ನನ್ನ ತಮ್ಮ ಗೆದ್ದ, ನನ್ನ ಕೈಲಿ ಆಗಲಿಲ್ಲ, ಯಾವ ಮುಖ ಹೊತ್ಕೊಂಡು ಅವನ ಎದುರು ನಿಲ್ಲಲಿ ಅಂತ. ನಿನ್ನ ಫೋಟೋನ ಫೋನಿಂದ ತೆಗೆದುಬಿಟ್ಟೆ. ‘ನನಗೂ ಹಸಿವು ಬಂತು ಅಕ್ಕ’ ಅಂತ ನೀನು ಒಂದು ಮಾತು ಹೇಳಿದ್ದರೆ, ಇಬ್ಬರೂ ಜೊತೇಲಿ ಇಲ್ಲಿಗೆ ಬಂದು ಬೈಸ್ಕೋತಿದ್ವಿ."

ತಕ್ಕಡಿ ಸಿಸ್ಟರ್ ಬೈಯಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕ ಇನ್ನೂ ದಪ್ಪವಾಗಿತ್ತು. ಇಬ್ಬರನ್ನೂ ತಕ್ಕಡಿ ಹತ್ತಿಸಿ, ಗ್ರಾಂ ಸಮೇತ ಬರೆದುಕೊಂಡು, "ತೂಕಕ್ಕೆ ದಾರಿ ಇದೆ. ಎಷ್ಟೋ ಜನರಿಗೆ ವಾಪಸ್ ಬರತ್ತೆ, ನೀವೇನು ಪ್ರಪಂಚದಲ್ಲಿ ಮೊದಲನೆಯವರಲ್ಲ" ಎಂದರು. ಅಕ್ಕ ನಡೆಯುವ ರೀತಿಯನ್ನು ನೋಡಿದ ಮೇಲೆ ಮಾತ್ರ ಅವರ ಮುಖ ಬಿಗಿಯಿತು. ಪೆನ್ನು ಕೆಳಗಿಟ್ಟು, ನೇರವಾಗಿ ನರಗಳ ಡಾಕ್ಟರ ಕೋಣೆಗೆ ತಾವೇ ಕರೆದುಕೊಂಡು ಹೋದರು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮೆತ್ತಗಿನ ದನಿ. ಅಕ್ಕನಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. ವ್ಯಾನ್ ಓಡಿಸಬಹುದೆಂದು ಡಾಕ್ಟರ್ ಬರೆದುಕೊಟ್ಟರೆ ಸೋಮವಾರದಿಂದ ಬರಲಿ ಎಂದು ಶಾಲೆಯವರು ಹೇಳಿದ್ದರು. "ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವಿಗೂ ಗೀರು ಬಿದ್ದಿಲ್ಲ ಡಾಕ್ಟ್ರೇ. ಗೋಡೆ ಒಂದು ಸಲ ಅಡ್ಡ ಬಂತು ಅಷ್ಟೇ" ಎಂದು ಅವಳು ತಮಾಷೆ ಮಾಡಿದಳು.

ಡಾಕ್ಟರ್ ನಕ್ಕರು. "ಸತ್ವ ಇಲ್ಲದೆ ನರ ಸೊರಗಿದೆ. ಇಂಜೆಕ್ಷನ್ ಇವತ್ತೇ ಶುರು ಮಾಡೋಣ. ಜೋಮು ಹೊಸದಾದರೆ ಇಳಿಯತ್ತೆ. ಹಳೇದಾದರೆ ಅಲ್ಲಿಗೇ ನಿಲ್ಲತ್ತೆ, ಹೋದದ್ದು ಬರತ್ತೆ ಅಂತ ನಾನು ಮಾತು ಕೊಡಲಾರೆ. ಪಾದದಲ್ಲಿ ಸ್ಪರ್ಶ ಎಷ್ಟು ಉಳಿದಿದೆ ನೋಡಿ ಆಮೇಲೆ ಕಾಗದದ ಮಾತು. ಕಣ್ಣು ಮುಚ್ಕೊಂಡು ಮಲಗಿ. ಈ ದಾರ ಪಾದಕ್ಕೆ ತಾಗಿದಾಗೆಲ್ಲ ಹೂಂ ಅನ್ನಿ."

ಅಕ್ಕ ಮಂಚದ ಮೇಲೆ ಮಲಗಿ ಕಾಲು ಚಾಚಿ, ಪರೀಕ್ಷೆಗೆ ಕೂತ ಮಗುವಿನಂತೆ ಕಣ್ಣು ಬಿಗಿಯಾಗಿ ಮುಚ್ಚಿದಳು. ಎರಡೂ ಕೈಗಳನ್ನು ಎದೆಯ ಮೇಲೆ ಹೆಣೆದುಕೊಂಡಳು. ತೂಕದಣ್ಣ ಮಂಚದ ಕಾಲ ಬಳಿ ನಿಂತಿದ್ದ.

ಡಾಕ್ಟರ್ ಒಂದು ಹಿಡಿಕೆಗೆ ಸಿಕ್ಕಿಸಿದ ಗಟ್ಟಿ ನೈಲಾನ್ ದಾರವನ್ನು ತೆಗೆದು ಅವಳ ಬಲ ಹೆಬ್ಬೆರಳಿಗೆ ಒತ್ತಿದರು. ದಾರ ಬಿಲ್ಲಿನಂತೆ ಬಾಗಿತು. ಅಕ್ಕ ಮಾತಾಡಲಿಲ್ಲ. ಕಿರುಬೆರಳು. ಅಂಗಾಲು, ಮೂರು ಕಡೆ. ಹಿಮ್ಮಡಿ. ಪ್ರತಿ ಸಲವೂ ದಾರ ಬಾಗಿತು, ಡಾಕ್ಟರ್ ಅವಳ ತುಟಿಗಳನ್ನು ನೋಡಿದರು, ಕಾಗದದ ಮೇಲೆ ಒಂದು ಗುರುತು ಹಾಕಿದರು. ಅವನು ಮನಸ್ಸಿನಲ್ಲೇ ಹೂಂ ಅನ್ನಕ್ಕ, ಹೂಂ ಅನ್ನು ಎನ್ನುತ್ತಿದ್ದ. ಅವಳ ಬದಲು ತಾನು ಹೂಂ ಎನ್ನುವ ಹಾಗಿದ್ದರೆ, ಈ ಒಂದು ಸುಳ್ಳನ್ನೂ ಹೇಳಿಬಿಡುತ್ತಿದ್ದನೇನೋ. ಎಡಗಾಲಿನ ಹೆಬ್ಬೆರಳು. ಕಿರುಬೆರಳು. ಅಂಗಾಲು. ಹಿಮ್ಮಡಿ. ಕೋಣೆಯಲ್ಲಿ ಪೆನ್ನಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿರಲಿಲ್ಲ. ಡಾಕ್ಟರ್ ದಾರವನ್ನು ಮೇಜಿನ ಮೇಲಿಟ್ಟು, ಕಾಗದವನ್ನು ಮಡಚಿ, ಅವನ ಕಡೆ ಒಮ್ಮೆ ನೋಡಿದರು.

ಅಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು. ಅವಳ ತುಟಿಯಂಚಿನಲ್ಲಿ ನಗುವಿತ್ತು.

"ಶುರು ಮಾಡಿ ಡಾಕ್ಟ್ರೇ," ಎಂದಳು. "ನಾನು ರೆಡಿ."